ಹೊಗೆಯಿಲ್ಲದ ಕೆಂಡ

ಮಳೆಗಾಲ ಶುರುವಾಯಿತೆಂದರೆ ಗೆರೆಯಪ್ಪನ ಮನೆಯಲ್ಲಿ ತಲೆನೋವೂ ಶುರುವಾಗುತ್ತಿತ್ತು. ಒಬ್ಬರಿಗಲ್ಲ, ಮನೆಯಲ್ಲಿ ಇದ್ದಷ್ಟು ಜನಕ್ಕೂ. ಆದರೆ ಎಲ್ಲರಿಗೂ ಒಟ್ಟಿಗೇ ಬರುತ್ತಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಒಬ್ಬೊಬ್ಬರ ತಲೆನೋವಿಗೂ ಒಂದೊಂದು ಕಾರಣ ಸಿದ್ಧವಾಗಿತ್ತು. ಹೆಂಡತಿಗೆ ಕಣ್ಣು ಮಂಜಾಗುತ್ತಿದೆ, ಅದಕ್ಕೆ. ಮಗನಿಗೆ ನಿದ್ದೆ ಸಾಲದು, ಅದಕ್ಕೆ. ಸೊಸೆ ಬಸುರಿ, ಅದಕ್ಕೆ. ಗೆರೆಯಪ್ಪನಿಗೆ ವಯಸ್ಸಾಯಿತು, ಅದಕ್ಕೆ.

"ನಿಮಗೂ ತಲೆನೋವಾ? ನೋಯೋದಕ್ಕೆ ಒಳಗೆ ಏನಾದ್ರೂ ಇರಬೇಕಲ್ಲ," ಎಂದು ಹೆಂಡತಿ ಛೇಡಿಸುತ್ತಿದ್ದಳು.

"ಇತ್ತು ಕಣೇ. ನಿನ್ನ ಕಟ್ಕೊಂಡ ಮೇಲೆ ಖಾಲಿಯಾಯ್ತು," ಎಂದು ಅವನು ಇಸ್ತ್ರಿ ಪೆಟ್ಟಿಗೆ ಎತ್ತುತ್ತಿದ್ದ.

ಅವನ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ಅವನು ಪ್ಯಾಂಟಿಗೆ ಹಾಕಿದ ಗೆರೆ ಹಿಡಿದು ಗೋಡೆ ಕಟ್ಟಬಹುದು ಎಂದು ಗಾರೆ ಕೆಲಸದವನೊಬ್ಬ ಹೇಳಿದ್ದೇ ಹೇಳಿದ್ದು, ಅಂದಿನಿಂದ ಅವನು ಗೆರೆಯಪ್ಪ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದದ ಮೇಜು, ಮೇಜಿನ ಮೇಲೆ ಹಳೇ ಕಂಬಳಿ, ಕಂಬಳಿಯ ಮೇಲೆ ಬಿಗಿದ ಬಿಳಿ ಬಟ್ಟೆ. ಮೂಲೆಯಲ್ಲಿ ಇದ್ದಿಲಿನ ಮೂಟೆ. ಒಂದು ಬಾಗಿಲು, ಒಂದು ಕಿಟಕಿ. ಮಳೆಗಾಲದಲ್ಲಿ ಆ ಕಿಟಕಿಗೆ ಗೋಣಿತಾಟು ತುರುಕಿರುತ್ತಿತ್ತು. ಬಾಗಿಲೂ ಹಾಕಿರುತ್ತಿತ್ತು.

ಅದಕ್ಕೆ ಕಾರಣ ಬೂದಿ. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಗೆ ಪಕ್ಕದಲ್ಲಿ ತೂತುಗಳಿರುತ್ತವೆ. ಗಾಳಿ ಬೀಸಿದರೆ ಆ ತೂತುಗಳಿಂದ ಬೂದಿ ಹಾರಿ ಬಟ್ಟೆಯ ಮೇಲೆ ಕೂರುತ್ತದೆ. ಒದ್ದೆ ಗಾಳಿಯಲ್ಲಾದರೆ ಕೂತದ್ದು ಏಳುವುದಿಲ್ಲ. ಉಜ್ಜಿದರೆ ಕಪ್ಪು ಬರೆ. ತನ್ನ ಅಂಗಡಿಯಿಂದ ಬೂದಿ ಕಲೆಯ ಬಟ್ಟೆ ಹೊರಗೆ ಹೋಗಿಲ್ಲ ಎನ್ನುವುದು ಗೆರೆಯಪ್ಪನ ಜಂಬ. ಹಾಗಂತ ಅವನು ಹೊಗೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುವ ದಡ್ಡನೂ ಅಲ್ಲ. ಇದ್ದಿಲನ್ನು ಹೊರಗಿನ ಮೆಟ್ಟಿಲ ಮೇಲೆ ಹೊತ್ತಿಸಿ, ರಟ್ಟಿನಿಂದ ಬೀಸಿ ಬೀಸಿ, ಕೊನೆಯ ಎಳೆ ಹೊಗೆಯೂ ಹೋಗಿ ಕೆಂಡ ನಿಗಿನಿಗಿ ಅಂದ ಮೇಲಷ್ಟೇ ಒಳಗೆ ತರುತ್ತಿದ್ದ.

"ವಿಷ ಇರೋದು ಹೊಗೇಲಿ. ಅದನ್ನ ಬೀದಿಗೆ ಬಿಟ್ಟು ಬರೀ ಕೆಂಡ ಒಳಗೆ ತರ್ತೀನಿ. ಚೊಕ್ಕ ಚಿನ್ನದಂಥ ಕೆಂಡ," ಎನ್ನುತ್ತಿದ್ದ.

ಇದೇ ಅವನ ತಪ್ಪು. ಅದು ತಪ್ಪು ಎಂದು ಅವನಿಗೆ ಯಾರೂ ಹೇಳಿರಲಿಲ್ಲವೇ ಎಂದರೆ, ಹೇಳಿದ್ದರು. ಅದೇ ಸಂಕಟ.

ಹೇಳಿದ್ದು ನರ್ಸಮ್ಮ. ಪಕ್ಕದ ಬೀದಿಯ ಆರೋಗ್ಯ ಕೇಂದ್ರದವಳು. ಒಂದು ದಿನ ಮಧ್ಯಾಹ್ನ ತನ್ನ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದಳು. ಗೆರೆಯಪ್ಪನ ಸೊಸೆ, ಏಳು ತಿಂಗಳ ಬಸುರಿ, ಮಳೆ ಹನಿಯುತ್ತಿದ್ದರೂ ಹೊರಗಿನ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು.

"ಏನಮ್ಮಾ, ಇಲ್ಲಿ ಕೂತಿದ್ದೀಯಾ?"

"ತಲೆ ಸಿಡೀತಿದೆ ನರ್ಸಮ್ಮ. ವಾಕರಿಕೆ ಬೇರೆ. ಹೊರಗೆ ಕೂತ್ರೆ ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಒಳಗೆ ಹೋದ್ರೆ ಮತ್ತೆ ಅದೇ."

ನರ್ಸಮ್ಮ ಬಾಗಿಲು ತಳ್ಳಿದಳು. ಒಳಗೆ ಬೆಚ್ಚಗಿತ್ತು. ಗೆರೆಯಪ್ಪ ಕೋಟಿನ ಕಾಲರು ಒತ್ತುತ್ತಿದ್ದ.

"ಬಾಗಿಲು ಬಾಗಿಲು! ಬೂದಿ ಏಳುತ್ತೆ. ನಿಮ್ಮ ಕೋಟಿನ ಮೇಲೇ ಕೂತ್ರೆ ನೀವೇ ನನ್ನ ಜೀವ ತೆಗೀತೀರಿ."

ನರ್ಸಮ್ಮ ಬಾಗಿಲು ಹಾಕಲಿಲ್ಲ. ಅಲ್ಲೇ ನಿಂತು ಕೇಳಿದಳು: "ಅಣ್ಣ, ಅಂಗಡಿ ರಜಾ ಇದ್ದ ದಿನ ನಿಮ್ಮ ಸೊಸೆಗೆ ತಲೆನೋವು ಬರುತ್ತಾ?"

ಗೆರೆಯಪ್ಪ ಯೋಚಿಸಿದ. ಉತ್ತರ ಕೊಟ್ಟದ್ದು ಒಳಗಿಂದ ಹೆಂಡತಿ. "ಇಲ್ಲ ನರ್ಸಮ್ಮ. ನನಗೂ ಬರಲ್ಲ."

"ಹಾಗಾದ್ರೆ ಅದು ಬಸುರಿನ ತಲೆನೋವಲ್ಲ. ಈ ಕೋಣೆಯ ತಲೆನೋವು. ಕೆಂಡದ್ದು."

ಗೆರೆಯಪ್ಪನಿಗೆ ರೇಗಿತು. "ಹೊಗೆ ಎಲ್ಲಿದೆ ತೋರಿಸಿ! ಒಂದೆಳೆ ತೋರಿಸಿ, ಇವತ್ತೇ ಅಂಗಡಿ ಮುಚ್ತೀನಿ."

"ಹೊಗೆ ಇಲ್ಲ ಅಣ್ಣ. ಅದಕ್ಕೇ ಭಯ. ಕೆಂಡದಿಂದ ಒಂದು ಗಾಳಿ ಬರುತ್ತೆ, ಕಾರ್ಬನ್ ಮಾನಾಕ್ಸೈಡ್ ಅಂತ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮೂ ಬರಲ್ಲ. ಹೊಗೆ ಹೋದ ಮೇಲೂ ಬರ್ತಾನೇ ಇರುತ್ತೆ. ಕೆಂಡ ಆರೋ ತನಕ."

"ಕಾಣಲ್ಲ, ಮೂಸಿದ್ರೆ ಗೊತ್ತಾಗಲ್ಲ. ನಿಮಗೆ ಮಾತ್ರ ಹೆಂಗೆ ಗೊತ್ತಾಯ್ತು? ಕನಸಲ್ಲಿ ಬಂದು ಹೇಳ್ತಾ?"

"ವಿಜ್ಞಾನಿಗಳು ರಕ್ತ ಪರೀಕ್ಷೆ ಮಾಡಿ ಕಂಡುಹಿಡಿದದ್ದು. ಹೀಗೇ ಬೆಚ್ಚಗೆ ಬಾಗಿಲು ಹಾಕ್ಕೊಂಡು ಎಷ್ಟೋ ಜನ ಹೋದ್ರಲ್ಲ, ಅವರ ರಕ್ತದಲ್ಲಿ ಸಿಕ್ತು." ನರ್ಸಮ್ಮ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಹಗ್ಗದ ಮೇಲೆ ಸಾಲಾಗಿ ಹ್ಯಾಂಗರುಗಳಿದ್ದವು. "ನಮ್ಮ ರಕ್ತದಲ್ಲೂ ಇಂಥ ಹ್ಯಾಂಗರ್ ಇವೆ ಅಂದ್ಕೊಳ್ಳಿ. ನಾವು ಉಸಿರೆಳೆದ ಆಕ್ಸಿಜನ್ ಅದಕ್ಕೆ ನೇತಾಡ್ಕೊಂಡು ಮೈಯೆಲ್ಲಾ ಹೋಗುತ್ತೆ. ತಲೆಗೆ, ಎದೆಗೆ, ಹೊಟ್ಟೇಲಿರೋ ಕೂಸಿಗೆ. ಈ ಕೆಂಡದ ಗಾಳಿ ಬಂದ್ರೆ ಅದೇ ಹ್ಯಾಂಗರ್‌ಗಳನ್ನ ಹಿಡ್ಕೊಂಡುಬಿಡುತ್ತೆ. ಆಕ್ಸಿಜನ್‌ಗಿಂತ ಇನ್ನೂರು ಪಟ್ಟು ಬಿಗಿಯಾಗಿ. ಬಿಡಲ್ಲ. ಆಕ್ಸಿಜನ್‌ಗೆ ಜಾಗ ಇಲ್ಲ. ಉಸಿರಾಡ್ತಾ ಆಡ್ತಾನೇ ಉಸಿರು ಕಟ್ಟುತ್ತೆ, ಗೊತ್ತೇ ಆಗಲ್ಲ."

ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಗೆರೆಯಪ್ಪ ಅವಳ ಕಡೆ ನೋಡಿದ, ಗೆದ್ದವನ ಹಾಗೆ ನಕ್ಕ.

"ಅದನ್ನೂ ನೋಡಿ ಆಗಿದೆ ನರ್ಸಮ್ಮ. ಮೊನ್ನೆ ಸುಸ್ತು ಅಂದಳು ಅಂತ ಔಷಧಿ ಅಂಗಡೀಲಿ ಬೆರಳಿಗೆ ಕ್ಲಿಪ್ ಹಾಕಿಸಿದೆ. ತೊಂಬತ್ತೊಂಬತ್ತು ತೋರಿಸ್ತು! ಆಕ್ಸಿಜನ್ ತುಂಬಿ ತುಳುಕ್ತಿದೆ ಅಂದ ಅವನು."

"ಅದೇ ಅಣ್ಣ ಎಲ್ಲರೂ ಮೋಸ ಹೋಗೋದು. ಆ ಕ್ಲಿಪ್ಪು ರಕ್ತದ ಕೆಂಪು ಬಣ್ಣ ನೋಡಿ ಲೆಕ್ಕ ಹೇಳುತ್ತೆ. ಈ ಗಾಳಿ ಸೇರಿದ ರಕ್ತವೂ ಕೆಂಪಗೇ ಇರುತ್ತೆ. ಹ್ಯಾಂಗರ್ ತುಂಬಿದೆ ಅಂತಷ್ಟೇ ಆ ಮೆಷಿನ್ನಿಗೆ ಗೊತ್ತು. ಯಾರ ಬಟ್ಟೆ ನೇತಾಡ್ತಿದೆ ಅಂತ ಗೊತ್ತಾಗಲ್ಲ. ಆಸ್ಪತ್ರೆಗೆ ಹೋದ್ರೆ ಕೆಂಡದ ಕೋಣೇಲಿದ್ವಿ ಅಂತ ನಾವೇ ಬಾಯಿಬಿಟ್ಟು ಹೇಳಬೇಕು. ಆಗ ಬೇರೆ ಪರೀಕ್ಷೆ ಮಾಡ್ತಾರೆ."

ಗೆರೆಯಪ್ಪ ಕೋಟು ಮಡಚಿ ಕೊಟ್ಟ.

"ಮೇಜನ್ನ ಹೊರಗೆ ಹಾಕ್ಕೊಳ್ಳಿ. ಮೇಲೆ ಒಂದು ಶೀಟು ಕಟ್ಟಿಸಿ. ಅಲ್ಲೀ ತನಕ ಬಾಗಿಲು, ಕಿಟಕಿ ಎರಡೂ ಪೂರ್ತಿ ತೆಗೆದಿಡಿ. ಇವಳನ್ನಂತೂ ಈ ಕೋಣೆಗೆ ಸೇರಿಸಲೇಬೇಡಿ. ತಾಯಿಗಿಂತ ಹೊಟ್ಟೇಲಿರೋ ಮಗುವಿನ ರಕ್ತ ಈ ಗಾಳೀನ ಜಾಸ್ತಿ ಹಿಡ್ಕೊಳ್ಳುತ್ತೆ, ನಿಧಾನಕ್ಕೆ ಬಿಡುತ್ತೆ. ತಾಯಿಗೆ ತಲೆನೋವು ಇಳಿದ ಮೇಲೂ ಅದು ಒಳಗೆ ಒದ್ದಾಡ್ತಿರುತ್ತೆ."

ನರ್ಸಮ್ಮ ಬೀದಿಯ ತಿರುವು ದಾಟುವವರೆಗೆ ಗೆರೆಯಪ್ಪ ಬಾಗಿಲು ತೆಗೆದಿಟ್ಟ. ಆಮೇಲೆ ಹಾಕಿದ.

"ಮಾವ, ಕಿಟಕಿಯಾದ್ರೂ ತೆಗೆದಿಡೋಣ್ವಾ?" ಎಂದಳು ಸೊಸೆ ಮೆಲ್ಲಗೆ.

"ನಿನಗೂ ನರ್ಸಮ್ಮನ ಗಾಳಿ ಬಡೀತಾ? ನನ್ನಪ್ಪ ಈ ಕೆಂಡದ ಮುಂದೇ ಮುದುಕನಾದ. ನಾನೂ ಆಗ್ತಿದ್ದೀನಿ. ಸತ್ತಿದೀನಾ?"

ಬೇಸಿಗೆಯಲ್ಲಿ ಬಾಗಿಲು ತೆರೆದಿರುತ್ತಿತ್ತು, ಮಳೆಗಾಲದಲ್ಲಿ ಇಲ್ಲಿಯ ತನಕ ತಲೆನೋವಿನಲ್ಲೇ ಮುಗಿದಿತ್ತು, ಅದಕ್ಕೇ ಸತ್ತಿರಲಿಲ್ಲ. ಅದು ಅವನ ತಲೆಗೆ ಹೋಗಲಿಲ್ಲ. ಮಾವನ ಮಾತಿಗೆ ಎದುರಾಡಿ ಸೊಸೆಗೆ ಅಭ್ಯಾಸವಿರಲಿಲ್ಲ.

ಆ ವಾರವೇ ಲಾಡ್ಜಿನವರು ಹಾಸಿಗೆ ಹೊದಿಕೆಗಳ ದೊಡ್ಡ ಗಂಟು ಕಳಿಸಿದರು. ಎಲ್ಲ ಬಿಳಿ. ಮಳೆ ಬಿಡದೆ ಹಿಡಿದಿದ್ದರಿಂದ ಎಲ್ಲ ಹಸಿ ಹಸಿ. ಸಂಜೆಯೊಳಗೆ ಬೇಕು ಎಂದು ಲಾಡ್ಜಿನವರ ಪಟ್ಟು. ಗೆರೆಯಪ್ಪ ಕೋಣೆಯ ಅಡ್ಡಕ್ಕೆ ಹಗ್ಗ ಕಟ್ಟಿದ. ಹೊದಿಕೆಗಳನ್ನು ಹರವಿದ. ಒಣಗಲಿ ಎಂದು ಕೆಳಗೆ ಒಂದು ಅಗ್ಗಿಷ್ಟಿಕೆಯ ತುಂಬ ಕೆಂಡ ಇಟ್ಟ. ಅದೂ ಹೊಗೆಯಿಲ್ಲದ ಕೆಂಡವೇ. ಇಸ್ತ್ರಿ ಪೆಟ್ಟಿಗೆಯಲ್ಲಿ ಬೇರೆ ಕೆಂಡ. ಮಗ ಬೇಕರಿಯ ವ್ಯಾನು ಓಡಿಸಲು ಹೋಗಿದ್ದ. ಕೆಲಸಕ್ಕೆ ಕೈ ಸಾಲದೆ ಸೊಸೆಯೂ ಮೇಜಿಗೆ ನಿಂತಳು. ಅತ್ತೆ ಮಡಚುತ್ತಿದ್ದಳು.

ಮಧ್ಯಾಹ್ನ ಕಳೆದ ಮೇಲೆ ಆಗಿದ್ದಷ್ಟು ಹೊದಿಕೆಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಗೆರೆಯಪ್ಪ ಲಾಡ್ಜಿಗೆ ಹೊರಟ. "ಬಾಗಿಲು ತೆಗೀಬೇಡಿ, ಗಾಳಿ ಜೋರಿದೆ," ಎಂದು ತಾನೇ ಹೊರಗಿನಿಂದ ಎಳೆದುಕೊಂಡ.

ಲಾಡ್ಜಿನಲ್ಲಿ ಎಣಿಸಿಕೊಳ್ಳುವವನು ಊಟಕ್ಕೆ ಹೋಗಿದ್ದ. ಕಾಯಬೇಕಾಯಿತು. ಹಿಂದಕ್ಕೆ ಬರುವಾಗ ಗೆರೆಯಪ್ಪನಿಗೆ ತನ್ನ ತಲೆ ಹಗುರಾಗಿದೆ ಅನ್ನಿಸಿತು. ಬೆಳಗಿನಿಂದ ಇದ್ದ ಭಾರ ಇಳಿದಿತ್ತು. ನಡೆದದ್ದು ಒಳ್ಳೆಯದಾಯಿತು ಎಂದುಕೊಂಡ.

ಬಾಗಿಲು ತಳ್ಳಿದ ಕೂಡಲೇ ಸುಟ್ಟ ಬಟ್ಟೆಯ ಕಮಟು ಹೊಡೆಯಿತು. ಇಸ್ತ್ರಿ ಪೆಟ್ಟಿಗೆ ಹೊದಿಕೆಯ ಮೇಲೇ ಕೂತಿತ್ತು. ಸುತ್ತ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ ಮುಂಡೇವಾ, ನಿದ್ದೆ ಮಾಡ್ತಿದ್ದೀರಾ! ಲಾಡ್ಜಿನ ಬಟ್ಟೆ!" ಎಂದು ಕಿರುಚುತ್ತಾ ಅವನು ಮೊದಲು ಓಡಿದ್ದು ಪೆಟ್ಟಿಗೆಯ ಕಡೆಗೆ. ಅದನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಕಂಡಿತು. ಹೆಂಡತಿ ಬಟ್ಟೆಗಂಟಿನ ಮೇಲೆ ವಾಲಿಕೊಂಡು ಗೊರ್ ಗೊರ್ ಎನ್ನುತ್ತಿದ್ದಳು. ಮೇಜಿನ ಕಾಲ ಬಳಿ ಸೊಸೆ ಮುದುರಿ ಬಿದ್ದಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಮಗಳೇ! ಏ ಮಗಳೇ!"

ಕೆನ್ನೆ ತಟ್ಟಿದರೂ ಕಣ್ಣು ಬಿಡಲಿಲ್ಲ.

ಅವಳನ್ನು ಕಂಕುಳಡಿ ಹಿಡಿದು ಎಳೆದ. ಹಗ್ಗಕ್ಕೆ ತಲೆ ತಾಗಿ ಹೊದಿಕೆಗಳೆಲ್ಲ ನೆಲಕ್ಕೆ ಬಿದ್ದವು, ಅವುಗಳನ್ನು ತುಳಿದುಕೊಂಡೇ ಎಳೆದ. ಬೀದಿಯ ಕೆಸರಿನಲ್ಲಿ, ಮಳೆಯಲ್ಲಿ ಮಲಗಿಸಿದ. ಕೂಗಿದ ಕೂಗಿಗೆ ಎದುರಿನ ದರ್ಜಿ ಹೊಲಿಗೆ ಬಿಟ್ಟು ಓಡಿಬಂದ. ಇಬ್ಬರೂ ಸೇರಿ ಹೆಂಡತಿಯನ್ನೂ ಹೊರಗೆ ತಂದರು. ಹೊರಗಿನ ಗಾಳಿ ತಾಗಿದ ಮೇಲೆ ಹೆಂಡತಿ ವಾಂತಿ ಮಾಡಿಕೊಂಡು ಕಣ್ಣು ತೆರೆದಳು. "ಮೊದಲು ಅವಳನ್ನ ನೋಡ್ರೀ," ಎಂದಳು ತೊದಲುತ್ತಾ. ಸೊಸೆ ನರಳುತ್ತಿದ್ದಳು ಅಷ್ಟೆ, ಎಚ್ಚರವಿರಲಿಲ್ಲ.

ದರ್ಜಿ ಓಡಿಹೋಗಿ ಆಟೋ ತಂದ, ಆರೋಗ್ಯ ಕೇಂದ್ರ ಪಕ್ಕದ ಬೀದಿಯಲ್ಲೇ. ಬಾಗಿಲಲ್ಲಿದ್ದ ಸಹಾಯಕ ಎಲ್ಲರಿಗೂ ಮಾಡುವ ಹಾಗೆ ಸೊಸೆಯ ಬೆರಳಿಗೆ ಕ್ಲಿಪ್ಪು ಹಾಕಿದ. "ತೊಂಬತ್ತೆಂಟಿದೆ. ಗಾಬರಿ ಬೇಡ ಯಜಮಾನ್ರೇ, ಬಸುರಿ ಅಲ್ವಾ, ತಲೆ ಸುತ್ತಿ ಬಿದ್ದಿರಬೇಕು. ಆ ಬೆಂಚಿನ ಮೇಲೆ ಮಲಗಿಸಿ, ಡಾಕ್ಟರು ಬರ್ತಾರೆ," ಎಂದ.

ಗೆರೆಯಪ್ಪನ ಕಣ್ಣ ಮುಂದೆ ಹ್ಯಾಂಗರುಗಳ ಸಾಲು ಬಂತು.

"ತೆಗಿಯೋ ಅದನ್ನ! ಸುಳ್ಳು ಹೇಳುತ್ತೆ ಅದು!" ಅವನ ಕೂಗಿಗೆ ಇಡೀ ಕೇಂದ್ರ ತಿರುಗಿ ನೋಡಿತು. "ಕೆಂಡ! ಬಾಗಿಲು ಹಾಕಿದ ಕೋಣೇಲಿ ಕೆಂಡ ಇಟ್ಟಿದ್ದೆ! ನಾನೇ ಇಟ್ಟಿದ್ದೆ! ಡಾಕ್ಟ್ರೇ! ನರ್ಸಮ್ಮಾ!"

ಡಾಕ್ಟರು ಪರದೆ ಸರಿಸಿ ಓಡಿ ಬಂದರು. ಕೆಂಡ ಎಂದು ಕೇಳಿದ ಮೇಲೆ ಇನ್ನೇನೂ ಕೇಳಲಿಲ್ಲ. ಮುಖಕ್ಕೆ ಮಾಸ್ಕು ಬಿಗಿದು ಆಕ್ಸಿಜನ್ ಪೂರ್ತಿ ತಿರುಗಿಸಿದರು. ಅತ್ತೆಗೂ ಹಾಕಿದರು. ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ನರ್ಸಮ್ಮ ಸೊಸೆಯ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳುವ ಯಂತ್ರವಿಟ್ಟು ಕಿವಿಗೊಟ್ಟು ಕೂತಳು. ಒಂದು ಕಡೆ ಇಟ್ಟಳು, ತೆಗೆದಳು, ಇನ್ನೊಂದು ಕಡೆ ಇಟ್ಟಳು. ಗೆರೆಯಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಅವಳು ತಲೆಯಾಡಿಸಿದಳು. ಬಡಿತ ಇತ್ತು.

ಅವಳು ನಗಲಿಲ್ಲ. 'ನಾನು ಅವತ್ತೇ ಹೇಳಿರಲಿಲ್ವಾ' ಎಂದೂ ಅನ್ನಲಿಲ್ಲ. ಅಂದಿದ್ದರೆ ಗೆರೆಯಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ಸೊಸೆಗೆ ಮರುದಿನ ಚೆನ್ನಾಗಿ ಎಚ್ಚರವಾಯಿತು. ಆದರೂ ಆಕ್ಸಿಜನ್ ತೆಗೆಯಲಿಲ್ಲ. "ನಿಮಗಲ್ಲಮ್ಮ, ಇದು ಮಗುವಿಗೆ. ಅದರ ರಕ್ತ ತೊಳೆದು ಬರೋಕೆ ಇನ್ನೂ ಹೊತ್ತು ಬೇಕು," ಎಂದರು ಅಲ್ಲಿಯ ಡಾಕ್ಟರು. ಗಂಡ ಹಾಸಿಗೆಯ ಒಂದು ಬದಿ, ಮಾವ ಒಂದು ಬದಿ. ಅಪ್ಪ ಮಗನ ನಡುವೆ ಮಾತಿರಲಿಲ್ಲ. ಮಗನಿಗೆ ನಡೆದದ್ದೆಲ್ಲ ಅಮ್ಮ ಹೇಳಿದ್ದಳು. ನರ್ಸಮ್ಮ ಬಂದು ಹೇಳಿಹೋದದ್ದನ್ನೂ ಹೇಳಿದ್ದಳು.

ಸೊಸೆ ಮಾಸ್ಕು ಸ್ವಲ್ಪ ಸರಿಸಿ ಕೇಳಿದಳು: "ಮಾವ, ಮಗು ಚೆನ್ನಾಗಿರುತ್ತಾ?"

ಬೀದಿಯಲ್ಲಿ ಯಾರು ಏನು ಕೇಳಿದರೂ ತಟ್ಟನೆ ಉತ್ತರ ಕೊಡುತ್ತಿದ್ದ ಮನುಷ್ಯ ಅವನು. "ಮಾಸ್ಕ್ ತೆಗೀಬೇಡ ಮಗಳೇ," ಎಂದು ಅದನ್ನು ಸರಿಮಾಡಿ ಎದ್ದು ಹೊರಗೆ ಹೋದ.

ಮನೆಗೆ ಬಂದ ದಿನ ಅವನು ಮಾಡಿದ ಮೊದಲ ಕೆಲಸ, ಸುತ್ತಿಗೆ ತೆಗೆದುಕೊಂಡು ಇಸ್ತ್ರಿ ಮೇಜಿನ ಕಾಲು ಬಿಚ್ಚಿದ್ದು. ಬಾಗಿಲಲ್ಲಿ ಅದು ಹಿಡಿಸುತ್ತಿರಲಿಲ್ಲ. ಹೊರಗೆ ತಂದು ಮತ್ತೆ ಜೋಡಿಸಿದ. ಮಗ ತಾನಾಗಿಯೇ ಬಂದು ಇನ್ನೊಂದು ತುದಿ ಹಿಡಿದ. ಮೇಲೆ ತಗಡಿನ ಶೀಟು ಕಟ್ಟಿದರು. ಮೂರು ಕಡೆ ಬಯಲು. ಕೆಂಡ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ, ಎಷ್ಟೇ ಚಳಿಯಿರಲಿ. ಬೂದಿ ಬೀಳುತ್ತದೆ. ಕೆಲವರು ಗೊಣಗುತ್ತಾರೆ. ಗೊಣಗಿದವರಿಗೆ ಅವನು ಬಟ್ಟೆ ವಾಪಸ್ ಕೊಡುತ್ತಾನೆ.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಅಂಗೈ ಮೇಲೆ ಹಿಡಿಸುವಷ್ಟು ಸಣ್ಣದು. ಅತ್ತಿತು, ಹಾಲು ಕುಡಿಯಿತು. "ಉಳಿದದ್ದನ್ನ ಬೆಳೀತಾ ನೋಡಬೇಕು," ಎಂದರು ಡಾಕ್ಟರು. "ಕತ್ತು ನಿಲ್ಲುತ್ತಾ, ಕಣ್ಣು ಹಿಂಬಾಲಿಸುತ್ತಾ, ಕೂರುತ್ತಾ, ಮಾತಾಡುತ್ತಾ. ಈಗಲೇ ಹೇಳೋಕಾಗಲ್ಲ. ಕರೆದ ದಿನ ತಪ್ಪದೆ ಕರ್ಕೊಂಡು ಬನ್ನಿ."

ಕೆಲವು ತಿಂಗಳು ಕಳೆದವು. ಚಳಿ ಬಂತು. ಒಂದು ದಿನ ಗೆರೆಯಪ್ಪ ಮೂಲೆ ಅಂಗಡಿಯವನ ಬಳಿ ಇದ್ದಿಲು ತರಲು ಹೋದ. ಅವನೂ ಇಸ್ತ್ರಿಯವನೇ, ಹಳೇ ಗೆಳೆಯ. ಬಾಗಿಲು ಮುಚ್ಚಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೆಲಸ ಮಾಡುತ್ತಿದ್ದ. ಗೆರೆಯಪ್ಪ ಬಾಗಿಲನ್ನು ಒದ್ದೇ ತೆಗೆದ.

"ಏನಯ್ಯಾ ನಿನ್ನ ಗಲಾಟೆ! ಗಾಳಿ ಬರುತ್ತೆ!"

"ಬರ್ಲಿ! ಎಬ್ಬಿಸು ಮಕ್ಕಳನ್ನ. ನಿನಗೆ ನನ್ನ ಮನೇಲಿ ಆದದ್ದು ಗೊತ್ತಿಲ್ವಾ?"

"ಗೊತ್ತು ಬಿಡು. ನೀನು ಅಗ್ಗಿಷ್ಟಿಕೆ ಬೇರೆ ಇಟ್ಟಿದ್ದೆಯಂತೆ. ನಂದು ಬರೀ ಪೆಟ್ಟಿಗೆ. ಒಂದೆಳೆ ಹೊಗೆ ಇಲ್ಲ ನೋಡು, ಚೊಕ್ಕ ಕೆಂಡ."

ಬೇರೆ ದಿನವಾಗಿದ್ದರೆ ಗೆರೆಯಪ್ಪ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದ. ಅವತ್ತು ಗೆಳೆಯನ ರಟ್ಟೆ ಹಿಡಿದ. "ಬಾ," ಎಂದ. "ಎಲ್ಲಿಗಯ್ಯಾ? ಪೆಟ್ಟಿಗೆ ಕಾದಿದೆ." "ಕಾಯ್ಲಿ. ಹೊರಗಿಡು. ಮಕ್ಕಳು ಹೊರಗೆ ನಿಲ್ಲಲಿ. ನೀನು ಬಾ."

ಮನೆಯಲ್ಲಿ ಸೊಸೆ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಕೆಂಪು ಬಟ್ಟೆಯ ತುಂಡೊಂದನ್ನು ಅದರ ಮುಖದ ಮೇಲೆ ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದಳು. ಇವರು ಬಂದದ್ದನ್ನು ಅವಳು ಗಮನಿಸಲಿಲ್ಲ. ಬಟ್ಟೆ ಎಡಕ್ಕೆ ಹೋಯಿತು. ಮಗುವಿನ ಕಣ್ಣು ಮೇಲಿನ ಸೂರನ್ನೇ ನೋಡುತ್ತಿತ್ತು. ಬಲಕ್ಕೆ ಬಂತು. ಸೊಸೆ ಇನ್ನೂ ಹತ್ತಿರ ಹಿಡಿದು ಮತ್ತೆ ಆಡಿಸಿದಳು.

"ಏನು ಆಟ ಇದು?" ಎಂದ ಗೆಳೆಯ, ನಗುತ್ತಾ.

"ಆಟ ಅಲ್ಲ," ಎಂದ ಗೆರೆಯಪ್ಪ. "ಮಗು ಕಣ್ಣು ಹಿಂಬಾಲಿಸುತ್ತಾ ಅಂತ ದಿನಾ ಹೀಗೇ ನೋಡ್ತಾಳೆ. ಒಂದೊಂದು ದಿನ ಕಣ್ಣು ತಿರುಗುತ್ತೆ. ಒಂದೊಂದು ದಿನ ಇಲ್ಲ. ಚೊಕ್ಕ ಕೆಂಡ ಅಂದೆಯಲ್ಲ. ಹೇಳು ಆ ಮಾತನ್ನ, ಈ ಕೂಸಿನ ಮುಂದೆ ಹೇಳು."

ಗೆಳೆಯನ ನಗು ನಿಂತಿತು. ಅವನು ಮಗುವನ್ನು ನೋಡಿದ. ಆಮೇಲೆ ಹೇಳದೆ ಕೇಳದೆ ತಿರುಗಿ, ತನ್ನ ಮನೆಯ ಕಡೆ ಬೇಗ ಬೇಗ ನಡೆದ. ಚಪ್ಪಲಿ ಒಂದು ಕಾಲಿಂದ ಜಾರಿತು. ಎತ್ತಿಕೊಳ್ಳಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಇಸ್ತ್ರಿಯವರಿಗೆ ಮಾತ್ರ ಎಂದುಕೊಂಡು ಹಾಳೆ ಮಡಚಿಡಬೇಡಿ. ಚಳಿಗೆಂದು ಮಲಗುವ ಕೋಣೆಯಲ್ಲಿ ಕೆಂಡ ಇಡುವವರು, ಬಾಣಂತಿಗೆ ಬೆಚ್ಚಗಿರಲಿ ಎಂದು ಕಿಟಕಿ ಮುಚ್ಚಿ ಕೆಂಡ ಇಡುವವರು, ಕರೆಂಟು ಹೋದಾಗ ಜನರೇಟರನ್ನು ಒಳಗೆ ಓಡಿಸುವವರು, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುವವರು, ಶೆಡ್ಡಿನ ಬಾಗಿಲು ಹಾಕಿ ಗಾಡಿ ಚಾಲೂ ಇಡುವವರು, ನಿಮಗೂ ಇದೇ ಮಾತು. ಹೊಗೆ ಕಾಣದಿದ್ದರೆ ಅಪಾಯ ಇಲ್ಲ ಎನ್ನುವುದನ್ನು ಇವತ್ತೇ ತಲೆಯಿಂದ ತೆಗೆಯಿರಿ. ಮನೆಯಲ್ಲಿ ಇಬ್ಬರಿಗೋ ಮೂವರಿಗೋ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಹೊರಗೆ ಹೋದರೆ ಇಳಿಯುತ್ತದೆಯೇ? ಮಾತ್ರೆ ನುಂಗುತ್ತಾ ಕೂರಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ. ಯಾರಾದರೂ ಒಳಗೆ ಬಿದ್ದಿದ್ದರೆ ಕೂಗಿ ಜನ ಸೇರಿಸಿ, ಬಾಗಿಲು ಕಿಟಕಿ ತೆಗೆದು ಬೇಗ ಹೊರಗೆಳೆಯಿರಿ, ನೀವು ಒಳಗೆ ನಿಲ್ಲಬೇಡಿ. ಆಸ್ಪತ್ರೆಯಲ್ಲಿ ಬೆರಳಿನ ಕ್ಲಿಪ್ಪು ಎಷ್ಟೇ ತೋರಿಸಲಿ, "ಕೆಂಡದ ಕೋಣೆಯಲ್ಲಿದ್ದರು" ಎಂದು ನಾಚಿಕೆ ಬಿಟ್ಟು, ಗಟ್ಟಿಯಾಗಿ ಹೇಳಿ. ಬಸುರಿಯಿದ್ದರೆ ಅವಳಿಗೆ ಹುಷಾರಾದ ಹಾಗೆ ಕಂಡರೂ ಡಾಕ್ಟರಿಗೆ ತೋರಿಸಿ.

ಬೇರೆಯವರಿಗೆ ಹೇಳುವುದು ಆಮೇಲೆ. ಈಗ ಎದ್ದು ಹೋಗಿ, ನಿಮ್ಮ ಮನೆಯ ಕೆಂಡ ಎಲ್ಲಿದೆ ನೋಡಿ. ಒಳಗಿದ್ದರೆ ಹೊರಗಿಡಿ.